ಚೆಕ್ ರೋಲ್‌ನಲ್ಲಿ ಇಲ್ಲದ ಹೆಸರು

(ಕೊಡಗಿನ ಗೋಣಿಕೊಪ್ಪಲಿನಲ್ಲಿ ಕಾಫಿ ತೋಟದ ಮಾಲೀಕರು, ರೈಟರ್‌ಗಳು, ಹೋಂಸ್ಟೇ ನಡೆಸುವವರು ಮತ್ತು ಒಂದಷ್ಟು ಕೆಲಸಗಾರರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳಿವು. ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನನ್ನನ್ನು ಕಾರ್ಮಿಕ ಕಾನೂನಿನ ವಕೀಲ ಅಂತ ಪರಿಚಯ ಮಾಡಿಕೊಟ್ಟರು. ಅದು ಅರ್ಧ ಪರಿಚಯ. ಕರಿ ಕೋಟು ಹಾಕುವ ಮೊದಲು ನಾನು ನಾಲ್ಕು ವರ್ಷ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ಹಾಜರಿ, ಕೂಲಿ ಲೆಕ್ಕ ಬರೆಯುವವನು, ಆಗಿದ್ದೆ. ಇಲ್ಲಿ ಹಿಂದಿನ ಸಾಲಿನಲ್ಲಿ ಕೂತಿರುವ ರೈಟರ್‌ಗಳಿಗೆ ಆ ಕೆಲಸ ಏನು ಅಂತ ಹೇಳಬೇಕಾಗಿಲ್ಲ. ಬೆಳಿಗ್ಗೆ ಏಳೂವರೆಗೆ ಆಫೀಸಿನ ಮುಂದೆ ಹಾಜರಿ. ಮೇಸ್ತ್ರಿ ಹೆಸರು ಕೂಗುತ್ತಾನೆ, ನಾವು ಚೆಕ್ ರೋಲ್ ಅನ್ನುವ ಹಾಜರಿ ಪುಸ್ತಕದಲ್ಲಿ ಗುರುತು ಹಾಕುತ್ತೇವೆ. ಇಡೀ ದಿನಕ್ಕೆ ಒಂದು, ಮಧ್ಯಾಹ್ನ ಹೊರಟವರಿಗೆ ಅರ್ಧ. ಶನಿವಾರ ಬಟವಾಡೆ. ಸ್ಟಾಂಪ್ ಪ್ಯಾಡಿನ ನೀಲಿ ಶಾಯಿಯಲ್ಲಿ ಹೆಬ್ಬೆಟ್ಟು ಅದ್ದಿ ಒತ್ತಿ, ಆ ಬೆರಳನ್ನು ತಲೆಕೂದಲಿಗೆ ಒರೆಸಿಕೊಂಡು, ದುಡ್ಡು ಸೆರಗಿಗೆ ಕಟ್ಟಿಕೊಂಡು ಹೋಗುತ್ತಿದ್ದರು. ಮರುದಿನ ಸಂತೆ.

ಆ ತೋಟದಲ್ಲಿ ಒಂದು ಪದ್ಧತಿ ಇತ್ತು. ಜೂನ್ ಬಂತು ಅಂದರೆ ಲೆಕ್ಕ ನೋಡುವವರು ಬಂದು, ಚೆಕ್ ರೋಲ್‌ನಿಂದ ಹತ್ತು ಹದಿನೈದು ಹೆಸರು ಬಿಟ್ಟುಬಿಡು ಅನ್ನುತ್ತಿದ್ದರು. ಆ ಜನ ಕೆಲಸ ಬಿಟ್ಟಿರಲಿಲ್ಲ. ಅದೇ ಮಳೆಯಲ್ಲಿ ಅದೇ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಕಳೆ ಕೊಚ್ಚುತ್ತಿದ್ದರು. ಅವರ ಲೆಕ್ಕ ಮಾತ್ರ ಚೆಕ್ ರೋಲ್ ಬಿಟ್ಟು ಒಂದು ಚೀಟಿ ಪುಸ್ತಕಕ್ಕೆ ಹೋಗುತ್ತಿತ್ತು. ಸೆಪ್ಟೆಂಬರಿನಲ್ಲಿ ಹೆಸರುಗಳು ಮತ್ತೆ ವಾಪಸು. ಯಾಕೆ ಅಂತ ನಾನು ಕೇಳಿದ್ದಕ್ಕೆ, ಸರ್ವಿಸ್ ಕೂಡಬಾರದಪ್ಪ, ಅಷ್ಟೇ, ಅಂದರು. ನನಗಾಗ ಇಪ್ಪತ್ತೆರಡು ವರ್ಷ. ಬಿಟ್ಟುಬಿಡು ಅಂದದ್ದನ್ನು ಬಿಟ್ಟೆ.

ಎಷ್ಟೋ ವರ್ಷ ಆದ ಮೇಲೆ, ವಕೀಲನಾಗಿ ಆಫೀಸಿನಲ್ಲಿ ಕೂತಿದ್ದಾಗ ಒಬ್ಬರು ಅಜ್ಜಿ ಬಂದರು. ಸೊಸೆ ಜೊತೆಗಿದ್ದಳು. 'ರೈಟ್ರೇ, ಗುರುತು ಸಿಕ್ತಾ?' ಅಂದರು. ಸಿಕ್ಕಿತು. ಕೈಲಾಗದೆ ಕೆಲಸ ಬಿಟ್ಟಿದ್ದರು. ಗ್ರಾಚ್ಯುಟಿ, ಅಂದರೆ ದುಡಿದ ವರ್ಷಗಳ ಲೆಕ್ಕದಲ್ಲಿ ಕೆಲಸ ಬಿಡುವಾಗ ಸಿಗುವ ಇಡಿಗಂಟು ಕೇಳಿದರೆ, ನಿನ್ನ ಸರ್ವಿಸ್ ಕೂಡಿಯೇ ಇಲ್ಲ, ಪ್ರತಿ ಮಳೆಗಾಲ ನೀನು ಕೆಲಸ ಬಿಟ್ಟು ಹೋಗಿದ್ದೀಯ, ಪುಸ್ತಕ ನೋಡು ಅಂದರಂತೆ. ಆ ಪುಸ್ತಕದ ನಾಲ್ಕು ವರ್ಷದ ಕೈಬರಹ ನನ್ನದೇ. ಆ ಕೇಸನ್ನು ನಾನು ಹಿಡಿಯುವ ಹಾಗಿರಲಿಲ್ಲ, ಯಾಕಂದರೆ ನಾನೇ ಸಾಕ್ಷಿ. ಬೇರೊಬ್ಬ ವಕೀಲರಿಗೆ ಕಳಿಸಿದೆ. ಚೀಟಿ ಪುಸ್ತಕದ ವಿಷಯ ಹೇಳಿದೆ. ಅದೃಷ್ಟಕ್ಕೆ ಆ ಪುಸ್ತಕಗಳು ಅಟ್ಟದ ಮೇಲೆ ಗೋಣಿಚೀಲದಲ್ಲಿ ಇದ್ದವು. ಇಲಿ ತಿಂದದ್ದು ತಿಂದು, ಉಳಿದದ್ದರಲ್ಲಿ ಅಜ್ಜಿಯ ಹೆಸರು ಸಿಕ್ಕಿತು. ವಿಚಾರಣೆ ಮುಗಿಯುವ ಮೊದಲೇ ಮಾಲೀಕರು ರಾಜಿಗೆ ಬಂದರು. ದುಡ್ಡು ಬಂತು.

ಈ ಕಥೆಯನ್ನು ಮೊದಲೇ ಹೇಳಿದ್ದಕ್ಕೆ ಕಾರಣ ಇದೆ. ಇಪ್ಪತ್ತು ವರ್ಷದಲ್ಲಿ ನಾನು ನೋಡಿದ ತೋಟದ ಜಗಳಗಳಲ್ಲಿ ಮುಕ್ಕಾಲು ಪಾಲು ಕಾನೂನಿನ ಜಗಳವೇ ಅಲ್ಲ. ಬರೆದಿಡದೇ ಹೋದದ್ದರ ಜಗಳ. ನಮ್ಮಲ್ಲಿ ಮಾಲೀಕರು, 'ಅವನು ನಮ್ಮ ಆಳು, ಅವರಪ್ಪನ ಕಾಲದಿಂದ ಇದ್ದಾನೆ, ಕಾಗದ ಯಾಕೆ?' ಅನ್ನುತ್ತಾರೆ. ಆಳುಗಳೂ, 'ಧಣಿ ಕೈಬಿಡಲ್ಲ' ಅನ್ನುತ್ತಾರೆ. ಎರಡೂ ಕಡೆ ಮನಸ್ಸಿನಲ್ಲಿ ಕೆಟ್ಟದ್ದಿಲ್ಲ. ಆದರೆ ಧಣಿ ಹೋಗಿ ಮಗ ಬರುತ್ತಾನೆ, ಮಗ ಬೆಂಗಳೂರಿನಲ್ಲಿದ್ದಾನೆ, ತೋಟ ಅರ್ಧ ಮಾರಾಟ ಆಗಿದೆ. ಆಗ ಹಳೆಯ ಮಾತು ಯಾರ ಹತ್ತಿರ ಕೇಳುವುದು?

ಗ್ರಾಚ್ಯುಟಿ ವಿಷಯ ಬಂದದ್ದರಿಂದ ಅದನ್ನೇ ಮೊದಲು ಮುಗಿಸೋಣ. 1972ರ ಕಾಯ್ದೆ ಇದು. ಐದು ವರ್ಷ ಸತತ ಸೇವೆ ಆಗಿರಬೇಕು. ಒಂದು ವರ್ಷದಲ್ಲಿ 240 ದಿನ ಕೆಲಸ ಮಾಡಿದ್ದರೆ ಆ ವರ್ಷ ಲೆಕ್ಕಕ್ಕೆ ಬಂತು. ಸಂಬಳದ ರಜೆ, ಹೆರಿಗೆ ರಜೆ ಎಲ್ಲ ಈ 240ರೊಳಗೇ ಸೇರುತ್ತದೆ. ದಿನಗೂಲಿಯವರಿಗೆ ಲೆಕ್ಕ ಬಹಳ ಸುಲಭ: ವರ್ಷಕ್ಕೆ ಹದಿನೈದು ದಿನದ ಕೂಲಿ. ಲೆಕ್ಕಕ್ಕೆ ಸುಲಭ ಆಗಲಿ ಅಂತ ದಿನಕ್ಕೆ 400 ರೂಪಾಯಿ ಅಂತ ಇಟ್ಟುಕೊಳ್ಳಿ. ಹದಿನೈದು ದಿನಕ್ಕೆ 6,000. ಇಪ್ಪತ್ತು ವರ್ಷಕ್ಕೆ 1,20,000. ಕೆಲಸ ಬಿಟ್ಟ 30 ದಿನದೊಳಗೆ ಕೊಡಬೇಕು. ತಡವಾದರೆ ಬಡ್ಡಿ ಕಟ್ಟಬೇಕು.

ನಮ್ಮವರಲ್ಲಿ ಎರಡು ತಪ್ಪು ತಿಳಿವಳಿಕೆ ಇದೆ. ಒಂದು, 'ಅವನೇ ಬಿಟ್ಟು ಹೋದ, ನಾವು ತೆಗೆದಿಲ್ಲ, ಹಾಗಾಗಿ ಕೊಡಬೇಕಾಗಿಲ್ಲ' ಅನ್ನುವುದು. ಐದು ವರ್ಷ ಆಗಿದ್ದರೆ ಅವನೇ ರಾಜೀನಾಮೆ ಕೊಟ್ಟರೂ ಕೊಡಬೇಕು. ಇನ್ನೊಂದು, 'ನಮ್ಮದು ಫ್ಯಾಕ್ಟರಿ ಅಲ್ಲ' ಅನ್ನುವುದು. ಈ ಕಾಯ್ದೆಯ ಮೊದಲ ಪುಟದಲ್ಲೇ ಫ್ಯಾಕ್ಟರಿ, ಗಣಿ, ಪ್ಲಾಂಟೇಶನ್, ಬಂದರು ಅಂತ ಸಾಲಾಗಿ ಬರೆದಿದೆ. ತೋಟ ಅದರಲ್ಲಿ ಇದೆ.

ಇನ್ನು ಜೂನ್‌ನಲ್ಲಿ ಹೆಸರು ಬಿಡುವ ಉಪಾಯ. ಅದು ಉಪಾಯ ಅಲ್ಲ. ಕೆಲಸಗಾರನ ತಪ್ಪಿಲ್ಲದೆ ಕೆಲಸ ನಿಂತರೆ ಸೇವೆ ಮುರಿಯುವುದಿಲ್ಲ ಅಂತ ಕಾನೂನೇ ಹೇಳುತ್ತದೆ. ಕಾಯಂ ಸೌಲಭ್ಯ ತಪ್ಪಿಸಬೇಕು ಅಂತಲೇ ವರ್ಷಗಟ್ಟಲೆ ಜನರನ್ನು ತಾತ್ಕಾಲಿಕ ಅಂತ ಇಟ್ಟುಕೊಳ್ಳುವುದನ್ನು 1947ರ ಕೈಗಾರಿಕಾ ವಿವಾದ ಕಾಯ್ದೆ ಅನುಚಿತ ಪದ್ಧತಿಗಳ ಪಟ್ಟಿಯಲ್ಲಿ ಸೇರಿಸಿತ್ತು. ಎರಡು ಪುಸ್ತಕ ಇಟ್ಟವರು ಕೋರ್ಟಿನಲ್ಲಿ ಒಂದನ್ನೂ ಧೈರ್ಯವಾಗಿ ತೋರಿಸಲಾರರು. ಅದನ್ನು ಕಣ್ಣಾರೆ ಕಂಡಿದ್ದೇನೆ.

ಮಧ್ಯೆ ಒಂದು ಮಾತು. 2025ರ ನವೆಂಬರ್ 21ರಿಂದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. 29 ಹಳೆಯ ಕೇಂದ್ರ ಕಾಯ್ದೆಗಳು ಅದರೊಳಗೆ ಸೇರಿವೆ. ನಾನು ಹಳೆಯ ಹೆಸರುಗಳನ್ನೇ ಹೇಳುತ್ತಿದ್ದೇನೆ, ಯಾಕಂದರೆ ನಿಮ್ಮ ನಾಲಿಗೆ ಮೇಲೆ ಇರುವುದು ಅವೇ. ಒಳಗಿನ ತಿರುಳು ಹೆಚ್ಚು ಕಡಿಮೆ ಅದೇ ಇದೆ. ಬದಲಾದದ್ದರಲ್ಲಿ ತೋಟಕ್ಕೆ ಮುಖ್ಯವಾದ ಮೂರು ಸಂಗತಿ ಹೇಳುತ್ತೇನೆ. ಕೆಲಸಕ್ಕೆ ಸೇರಿದ ಪ್ರತಿಯೊಬ್ಬರಿಗೂ ನೇಮಕಾತಿ ಪತ್ರ ಕೊಡಬೇಕು. ಕೆಲಸ ಬಿಟ್ಟವರ ಬಾಕಿ ಕೂಲಿಯನ್ನು ಎರಡು ಕೆಲಸದ ದಿನದೊಳಗೆ ಕೊಡಬೇಕು. ಮುಂದಿನ ಬಟವಾಡೆಗೆ ಬಾ ಅನ್ನುವ ಹಾಗಿಲ್ಲ. ಇಷ್ಟು ಅವಧಿಗೆ ಅಂತ ಬರೆದುಕೊಂಡು ಸೇರಿಸಿಕೊಂಡವರಿಗೆ ಒಂದು ವರ್ಷ ಆದರೆ ಸಾಕು, ಗ್ರಾಚ್ಯುಟಿ ಹುಟ್ಟುತ್ತದೆ. ಜೀತ, ಬಾಲ ಕಾರ್ಮಿಕರು, ಕೆಲಸದ ಜಾಗದಲ್ಲಿ ಹೆಂಗಸರ ಮೇಲಿನ ಲೈಂಗಿಕ ಕಿರುಕುಳ, ಈ ಕಾಯ್ದೆಗಳು ಸಂಹಿತೆಯೊಳಗೆ ಸೇರಿಲ್ಲ. ಹೊರಗೆ ಹಾಗೇ ಇವೆ.

'ನಂದು ಸಣ್ಣ ತೋಟ ಸರ್, ನಂಗಿದೆಲ್ಲ ಅನ್ವಯ ಆಗಲ್ಲ ಅಲ್ವಾ?' ಅಂತ ಈಗಷ್ಟೇ ಕಾಫಿ ಕುಡಿಯುವಾಗ ಒಬ್ಬರು ಕೇಳಿದರು. ಅರ್ಧ ನಿಜ. 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ ಐದು ಹೆಕ್ಟೇರ್ ಮತ್ತು ಹದಿನೈದು ಜನ ಅಂತ ಗೆರೆ ಎಳೆದಿತ್ತು. ಐದು ಹೆಕ್ಟೇರ್ ಅಂದರೆ ನಮ್ಮ ಲೆಕ್ಕದಲ್ಲಿ ಹನ್ನೆರಡೂಕಾಲು ಎಕರೆಗೆ ಸ್ವಲ್ಪ ಜಾಸ್ತಿ. ಲೈನ್ ಮನೆ (ಕೆಲಸಗಾರರ ಸಾಲುಮನೆ), ಶಿಶುವಿಹಾರ, ಆಸ್ಪತ್ರೆ ಇಂಥ ಜವಾಬ್ದಾರಿಗಳು ಆ ಗೆರೆಯ ಮೇಲಿನವರಿಗೆ. ಆದರೆ ಕನಿಷ್ಠ ಕೂಲಿ ಎಕರೆ ಕೇಳುವುದಿಲ್ಲ. ಸಮಾನ ಕೂಲಿ ಎಕರೆ ಕೇಳುವುದಿಲ್ಲ. ಜೀತದ ಕಾಯ್ದೆಯಂತೂ ಕೇಳುವುದೇ ಇಲ್ಲ. ಮೂರು ಎಕರೆಯವರಿಗೂ ಅದೇ, ಮುನ್ನೂರು ಎಕರೆಯವರಿಗೂ ಅದೇ.

ಕನಿಷ್ಠ ಕೂಲಿ ಎಷ್ಟು ಅಂತ ನಾನು ಇಲ್ಲಿ ಅಂಕಿ ಹೇಳುವುದಿಲ್ಲ. ತುಟ್ಟಿಭತ್ಯೆ ಏಪ್ರಿಲ್‌ನಿಂದ ಏಪ್ರಿಲ್‌ಗೆ ಬದಲಾಗುತ್ತದೆ. ನಾನು ಹೇಳಿದ್ದನ್ನು ಎರಡು ವರ್ಷ ಬಿಟ್ಟು ಯಾರಾದರೂ ತೋರಿಸಿದರೆ ನನಗೇ ತೊಂದರೆ. ಮಡಿಕೇರಿಯ ಕಾರ್ಮಿಕ ಇಲಾಖೆ ಕಚೇರಿಯಲ್ಲಿ ಕೇಳಿ, ಆ ವರ್ಷದ ಹಾಳೆ ತಂದು ಆಫೀಸಿನ ಗೋಡೆಗೆ ಅಂಟಿಸಿ. ಒಂದು ಮಾತು ಮಾತ್ರ ನೆನಪಿಡಿ. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದು ಸಂವಿಧಾನದ 23ನೇ ವಿಧಿ ಹೇಳುವ ಬಲವಂತದ ದುಡಿಮೆಗೆ ಸಮ ಅಂತ ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ. ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕೆಲಸದವರ ಪ್ರಕರಣ ಅದು. ಆಳು ಒಪ್ಪಿಕೊಂಡಿದ್ದ ಅನ್ನುವುದು ಅಲ್ಲಿ ಉತ್ತರ ಆಗುವುದಿಲ್ಲ.

ಗಂಡಾಳು ಕೂಲಿ, ಹೆಣ್ಣಾಳು ಕೂಲಿ ಅಂತ ನಮ್ಮ ಬಾಯಲ್ಲಿ ಎಷ್ಟು ಸಲೀಸಾಗಿ ಬರುತ್ತದೆ ನೋಡಿ. ಮರಕಸಿ ಮಾಡುವವನಿಗೆ, ಅಂದರೆ ನೆರಳಿನ ಮರ ಹತ್ತಿ ಕೊಂಬೆ ಕಡಿಯುವವನಿಗೆ ಜಾಸ್ತಿ, ಕಳೆ ಕೊಚ್ಚುವವಳಿಗೆ ಕಡಿಮೆ ಅಂದರೆ ಕೆಲಸ ಬೇರೆ, ಕೌಶಲ ಬೇರೆ ಅನ್ನಬಹುದು. ಒಂದೇ ಸಾಲಿನಲ್ಲಿ ಒಂದೇ ಗೊಬ್ಬರ ಹಾಕುವ ಇಬ್ಬರಿಗೆ ಎರಡು ದರ ಕೊಡುವ ಹಾಗಿಲ್ಲ. 1976ರ ಸಮಾನ ಕೂಲಿ ಕಾಯ್ದೆಯಿಂದಲೇ ಇಲ್ಲ. ಕುಯ್ಲಿನ ಸಮಯದಲ್ಲಿ ಕೆ.ಜಿ. ಲೆಕ್ಕ ಬಂದಾಗ ಇದೇ ಹೆಂಗಸರು ಗಂಡಸರಿಗಿಂತ ಜಾಸ್ತಿ ಹಣ್ಣು ತೂಗುತ್ತಾರೆ. ಆಗ ಯಾರೂ ಹೆಣ್ಣಾಳು ಅನ್ನುವುದಿಲ್ಲ.

ಕೆ.ಜಿ. ಲೆಕ್ಕ ಅಂದೆ. ಸಂಜೆ ತೂಕದ ಜಾಗದಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. ತಾಯಿಯ ಚೀಲದ ಪಕ್ಕ ಎಂಟು ಹತ್ತು ವರ್ಷದ ಮಗುವಿನ ಪುಟ್ಟ ಬುಟ್ಟಿ. ಅದರ ಹಣ್ಣನ್ನೂ ತಾಯಿಯ ಚೀಲಕ್ಕೆ ಸುರಿಯುತ್ತಾರೆ. ಹೆಸರು ತಾಯಿಯದ್ದು, ತೂಕ ಇಬ್ಬರದ್ದು. 'ಮಗು ಸುಮ್ನೆ ಆಟಕ್ಕೆ ಕುಯ್ಯುತ್ತೆ' ಅನ್ನುತ್ತಾರೆ. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳಬಾರದು ಅಂತ ಬಾಲ ಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿ ಹೇಳುತ್ತದೆ. ಸ್ವಂತ ಮನೆಯ ಕಸುಬಿನಲ್ಲಿ ಶಾಲೆ ಮುಗಿದ ಮೇಲೆ ಕೈಜೋಡಿಸಬಹುದು ಅನ್ನುವ ವಿನಾಯಿತಿ ಇದೆ. ಅದು ನಿಮ್ಮ ತೋಟಕ್ಕೆ ಕೂಲಿಗೆ ಬಂದವರ ಮಕ್ಕಳಿಗೆ ಅಲ್ಲ. ಶಿಕ್ಷೆ ಆರು ತಿಂಗಳಿಂದ ಎರಡು ವರ್ಷ, ದಂಡ 20,000ದಿಂದ 50,000. ತಪಾಸಣೆಗೆ ಬಂದವರು ಫೋಟೋ ತೆಗೆಯುವುದು ಆ ಪುಟ್ಟ ಬುಟ್ಟಿಯದ್ದನ್ನೇ.

ಈಗ ಅಡ್ವಾನ್ಸ್. ಇಲ್ಲಿ ಸಭೆಯಲ್ಲಿ ಸ್ವಲ್ಪ ಗುಸುಗುಸು ಶುರುವಾಯಿತು, ಆಗಬೇಕಾದದ್ದೇ. ಮಾಲೀಕರ ಸಂಕಟ ನನಗೆ ಗೊತ್ತಿದೆ. ಜನವರಿಯಲ್ಲಿ ರೊಬಸ್ಟಾ ಹಣ್ಣಾಗಿ ಉದುರುತ್ತಿರುತ್ತದೆ, ಜನ ಇಲ್ಲ. ಕುಯ್ಲಿಗೆ ಬರುತ್ತೇವೆ ಅಂತ ಒಂದೇ ತಂಡ ಮೂರು ತೋಟದಲ್ಲಿ ಅಡ್ವಾನ್ಸ್ ತೆಗೆದುಕೊಂಡು ನಾಲ್ಕನೆಯದಕ್ಕೆ ಹೋಗುತ್ತದೆ. ಅಸ್ಸಾಂನಿಂದ ಬಂದವರನ್ನು ಬಸ್ಸು ಇಳಿಯುವಾಗಲೇ ಇನ್ನೊಬ್ಬರು ಜೀಪು ಹತ್ತಿಸಿಕೊಳ್ಳುತ್ತಾರೆ. ಇದೆಲ್ಲ ನಿಜ. ಆದರೆ ಅದಕ್ಕೆ ನಾವು ಹುಡುಕಿಕೊಂಡಿರುವ ಮದ್ದು ಅಪಾಯದ್ದು. ಆಧಾರ್ ಕಾರ್ಡು ತೆಗೆದಿಟ್ಟುಕೊಳ್ಳುವುದು, ರೇಷನ್ ಕಾರ್ಡು ತೆಗೆದಿಟ್ಟುಕೊಳ್ಳುವುದು, ಸಾಲ ತೀರುವ ತನಕ ಬೇರೆ ತೋಟಕ್ಕೆ ಕಾಲಿಡಬೇಡ ಅನ್ನುವುದು, ಅಪ್ಪನ ಸಾಲವನ್ನು ಮಗನ ಹೆಸರಿಗೆ ದಾಟಿಸುವುದು.

ಅಡ್ವಾನ್ಸ್ ಕೊಡುವುದು ತಪ್ಪಲ್ಲ. ಅಡ್ವಾನ್ಸ್ ಹೆಸರಿನಲ್ಲಿ ಮನುಷ್ಯನನ್ನು ಕಟ್ಟಿಹಾಕಿದಾಗ ಅದು ಜೀತ. 1976ರ ಜೀತ ನಿರ್ಮೂಲನ ಕಾಯ್ದೆಯ ಪ್ರಕಾರ ಆ ಸಾಲವೇ ರದ್ದು, ಮೂರು ವರ್ಷದ ತನಕ ಜೈಲು. ಇದರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಒಂದು ಸೆಕ್ಷನ್ ಇದೆ, ಹದಿನೈದನೆಯದು. ಇದು ಜೀತದ ಸಾಲ ಅಂತ ಆಳು ಹೇಳಿದರೆ, ಅಲ್ಲ ಅಂತ ಸಾಬೀತು ಮಾಡಬೇಕಾದವರು ಸಾಲ ಕೊಟ್ಟವರು. ಮಾಮೂಲಿ ಕೇಸಿನಂತೆ ಅಲ್ಲ, ಭಾರ ತಿರುಗುಮುರುಗು. ನಿಮ್ಮ ಹತ್ತಿರ ಕಾಗದ ಇಲ್ಲದೇ ಇದ್ದರೆ ಏನು ತೋರಿಸುತ್ತೀರಿ? ದುಡಿದವರು ಎರವರೋ ಜೇನು ಕುರುಬರೋ, ಇಂಥ ಆದಿವಾಸಿಗಳು ಆಗಿದ್ದರೆ ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯೂ ಬಂದು ಕೂರುತ್ತದೆ. ಅದರಲ್ಲಿ ಜಾಮೀನಿನ ಕಥೆಯೇ ಬೇರೆ.

ಹಾಗಾದರೆ ಹೇಗೆ ಕೊಡಬೇಕು? ಒಂದು ಹಾಳೆಯಲ್ಲಿ ತಾರೀಕು, ಮೊತ್ತ, ವಾರಕ್ಕೆ ಎಷ್ಟು ಮುರಿದುಕೊಳ್ಳುತ್ತೇವೆ ಅನ್ನುವುದನ್ನು ಬರೆಯಿರಿ. ಏನೇ ಮುರಿದುಕೊಂಡರೂ ಒಟ್ಟು ಕೂಲಿಯ ಅರ್ಧಕ್ಕಿಂತ ಜಾಸ್ತಿ ಆಗಬಾರದು. ಪ್ರತಿ ಬಟವಾಡೆಯಲ್ಲಿ ಉಳಿದ ಬಾಕಿ ಎಷ್ಟು ಅಂತ ಹೇಳಿ, ಅವರ ಕೈಯಲ್ಲೂ ಒಂದು ಪ್ರತಿ ಇರಲಿ. ಬಿಟ್ಟು ಹೋದರೆ ಹೋಗಲಿ. ವಸೂಲಿಗೆ ಸಿವಿಲ್ ದಾವೆ ಇದೆ. ದಾವೆ ಹಾಕಿ ಯಾರೂ ಹತ್ತು ಸಾವಿರ ವಸೂಲು ಮಾಡುವುದಿಲ್ಲ, ನನಗೂ ಗೊತ್ತು. ಅದಕ್ಕೇ ನಾನು ಹೇಳುವುದು, ಕಳೆದುಕೊಂಡರೆ ತಡೆದುಕೊಳ್ಳಬಹುದು ಅನ್ನುವಷ್ಟನ್ನು ಮಾತ್ರ ಕೊಡಿ.

ಲೈನ್ ಮನೆಯ ಮಾತಿಗೆ ಬರುತ್ತೇನೆ. 2016ರ ಡಿಸೆಂಬರಿನಲ್ಲಿ ನಮ್ಮ ಕೊಡಗಿನ ದಿಡ್ಡಳ್ಳಿಯಲ್ಲಿ ಗುಡಿಸಲುಗಳನ್ನು ತೆರವು ಮಾಡಿದ್ದು ನಿಮಗೆಲ್ಲ ನೆನಪಿದೆ. ಅಲ್ಲಿದ್ದ ಆದಿವಾಸಿ ಕುಟುಂಬಗಳಲ್ಲಿ ಎಷ್ಟೋ ಜನ ತೋಟದ ಲೈನ್ ಮನೆಗಳಿಂದ ಬಂದವರು. ಕೆಲಸ ಇದ್ದರೆ ಮಾತ್ರ ಸೂರು ಅನ್ನುವ ಬದುಕು ಹೇಗಿರುತ್ತದೆ ಅಂತ ಅದು ಇಡೀ ರಾಜ್ಯಕ್ಕೆ ತೋರಿಸಿತು. ಅದರ ರಾಜಕೀಯ ನನಗೆ ಬೇಡ. ಲೈನ್ ಮನೆಯ ಗೋಡೆಯ ಬಗ್ಗೆ ಮಾತ್ರ ಹೇಳುತ್ತೇನೆ.

ತೋಟದಲ್ಲಿ ಮಾಲೀಕರು ಕೊಟ್ಟ ಮನೆ ಕುಸಿದು ಕೆಲಸಗಾರನೋ ಅವನ ಮನೆಯವರೋ ಸತ್ತರೆ, ಗಾಯವಾದರೆ ಮಾಲೀಕರು ಪರಿಹಾರ ಕೊಡಬೇಕು. ಹಳೆಯ ಪ್ಲಾಂಟೇಶನ್ ಕಾಯ್ದೆಯಲ್ಲೂ ಇತ್ತು, ಹೊಸ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೆ. ಮನೆಯವರು ಅಂದದ್ದನ್ನು ಗಮನಿಸಿ. ಕೆಲಸಕ್ಕೇ ಬಾರದ ಮುದುಕಿ, ತೊಟ್ಟಿಲ ಮಗು ಎಲ್ಲರೂ ಅದರಲ್ಲಿ ಬಂದರು. ಒಂದು ವಿನಾಯಿತಿ ಇದೆ: ಕುಸಿದದ್ದಕ್ಕೆ ವಾಸವಿದ್ದವರ ತಪ್ಪೋ ಪ್ರಕೃತಿ ವಿಕೋಪವೋ ಮಾತ್ರ ನೇರ ಕಾರಣ ಆಗಿದ್ದರೆ ಹೊಣೆ ಇಲ್ಲ. 'ಮಾತ್ರ' ಅನ್ನುವ ಆ ಪದದಲ್ಲೇ ಎಲ್ಲ ಇದೆ. 2018ರ ಆಗಸ್ಟಿನಲ್ಲಿ ಗುಡ್ಡವೇ ಜಾರಿ ಬಂದಾಗ ಯಾರನ್ನೂ ದೂರುವ ಹಾಗಿರಲಿಲ್ಲ. ಆದರೆ ಎಲ್ಲ ಮಳೆಯೂ 2018 ಅಲ್ಲ. ಮೂರು ವರ್ಷದಿಂದ ಬಿರುಕು ಬಿಟ್ಟ ಗೋಡೆ, ಹೆಂಚು ಒಡೆದು ಒಳಗೆ ನೀರು ಇಳಿಯುತ್ತಿದ್ದ ಗೋಡೆ ಒಂದು ಮಾಮೂಲಿ ಜುಲೈ ಮಳೆಗೆ ಬಿದ್ದರೆ, ಮಳೆ ಬಂತು ಸ್ವಾಮಿ ಅಂದರೆ ನಡೆಯುವುದಿಲ್ಲ. ಪ್ರತಿ ಮೇ ತಿಂಗಳಲ್ಲಿ ಲೈನ್ ಮನೆಗಳ ಫೋಟೋ ತೆಗೆಸಿ, ರಿಪೇರಿ ಮಾಡಿಸಿದ ದಿನ ಬರೆದಿಡಿ. ಮೊಬೈಲ್ ಇದೆ, ಖರ್ಚಿಲ್ಲ.

ಅಪಘಾತದ ವಿಷಯಕ್ಕೆ ಇಲ್ಲಿ ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತೇನೆ, ಬೇಸರ ಮಾಡಬೇಡಿ. ನಮ್ಮ ತೋಟದಲ್ಲಿ ಜನ ಸಾಯುವುದು ಮೂರು ರೀತಿ. ಮೆಣಸು ಕುಯ್ಯುವಾಗಲೋ ಮರಕಸಿಯಲ್ಲೋ ಬಿದ್ದು. ಅಲ್ಯೂಮಿನಿಯಂ ಏಣಿ ಎತ್ತಿ ಇನ್ನೊಂದು ಮರಕ್ಕೆ ಸಾಗಿಸುವಾಗ ಮೇಲಿನ ಕರೆಂಟ್ ತಂತಿಗೆ ತಗುಲಿ. ಬೆಳಿಗ್ಗೆ ಮಂಜಿನಲ್ಲಿ ಕೆಲಸಕ್ಕೆ ಬರುವಾಗ ಆನೆಗೆ ಸಿಕ್ಕಿ. ಏಣಿಯ ಸಾವು ನನಗೆ ಅತಿ ಸಿಟ್ಟು ಬರಿಸುತ್ತದೆ. ಹಗುರ ಅಂತ ತಂದ ಏಣಿ ಅದು, ಬಿದಿರಿನದ್ದಾಗಿದ್ದರೆ ಉಳಿಯುತ್ತಿದ್ದರೋ ಏನೋ. ತಂತಿ ಹಾದುಹೋಗುವ ಸಾಲುಗಳ ಮರಕ್ಕೆ ಬಣ್ಣ ಬಳಿದು, ಇಲ್ಲಿ ಅಲ್ಯೂಮಿನಿಯಂ ಏಣಿ ತರಬೇಡಿ ಅನ್ನಲು ಒಂದು ಡಬ್ಬ ಪೇಂಟ್ ಸಾಕು.

1923ರಿಂದ ಇರುವ ಪರಿಹಾರ ಕಾಯ್ದೆಯ ಲೆಕ್ಕ ಹೀಗೆ: ಸತ್ತರೆ ತಿಂಗಳ ಕೂಲಿಯ ಅರ್ಧವನ್ನು ವಯಸ್ಸಿಗೆ ತಕ್ಕ ಒಂದು ಅಂಕಿಯಿಂದ ಗುಣಿಸಬೇಕು. ತಿಂಗಳ ಕೂಲಿಯನ್ನು ಹೆಚ್ಚೆಂದರೆ 15,000 ಅಂತ ತೆಗೆದುಕೊಳ್ಳುವುದು 2020ರಿಂದ ನಡೆದುಬಂದ ಲೆಕ್ಕ. ನಲವತ್ತು ವರ್ಷದವನ ಅಂಕಿ 184.17. 7,500ರಿಂದ ಗುಣಿಸಿ ನೋಡಿ: 13,81,275 ರೂಪಾಯಿ. ಹುಡುಗ ಆಗಿದ್ದರೆ ಇನ್ನೂ ಜಾಸ್ತಿ, ಇಪ್ಪತ್ತೈದಕ್ಕೆ ಅಂಕಿ 216.91. ಒಂದು ತಿಂಗಳೊಳಗೆ ಕೊಡದಿದ್ದರೆ ಶೇಕಡ 12 ಬಡ್ಡಿ. ಸರಿಯಾದ ಕಾರಣ ಇಲ್ಲದೆ ತಡ ಮಾಡಿದರೆ ಮೇಲೆ ಅರ್ಧದ ತನಕ ದಂಡ. ಸಣ್ಣ ಬೆಳೆಗಾರನ ಒಂದು ವರ್ಷದ ಕಾಫಿ ದುಡ್ಡು ಹೋಯಿತು. ಇದಕ್ಕೇ ವಿಮೆ ಇದೆ. ಈ ಕಾಯ್ದೆಯ ಹೊಣೆಯನ್ನೇ ಹೊರುವ ಪಾಲಿಸಿ ಕೇಳಿ ತೆಗೆದುಕೊಳ್ಳಿ. ಸುಮ್ನೆ ಒಂದು ಅಪಘಾತ ವಿಮೆ ಮಾಡಿಸಿ ಸಮಾಧಾನಪಟ್ಟುಕೊಳ್ಳಬೇಡಿ, ಎರಡೂ ಬೇರೆ. ವಿಮಾ ಕಂಪನಿಯವರು ಕೇಳುವ ಮೊದಲ ಪ್ರಶ್ನೆಯೂ ಒಂದೇ: ಸತ್ತವನ ಹೆಸರು ಹಾಜರಿ ಪುಸ್ತಕದಲ್ಲಿ ಇದೆಯಾ?

'ಅವನು ಕುಡಿದಿದ್ದ ಸಾರ್' ಅಂತ ಮಾಲೀಕರು ಹೇಳುತ್ತಾರೆ. ಕೈ ಮುರಿದರೆ ಆ ವಾದ ಕೇಳಬಹುದು. ಸತ್ತರೆ, ಇಲ್ಲವೇ ಪೂರ್ತಿ ಕೈಲಾಗದವನಾಗಿ ಉಳಿದರೆ ಕಾನೂನು ಆ ವಾದವನ್ನು ಕೇಳುವುದೇ ಇಲ್ಲ. 'ಮೆಣಸು ಗುತ್ತಿಗೆಗೆ ಕೊಟ್ಟಿದ್ದೆ, ಅವನು ಗುತ್ತಿಗೆದಾರನ ಆಳು' ಅನ್ನುತ್ತಾರೆ. ಕುಯ್ಲು ನಿಮ್ಮ ತೋಟದ ಕಸುಬಿನ ಭಾಗವೇ. ಹಾಗಾಗಿ ಮೊದಲು ನೀವು ಕೊಡಬೇಕು, ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬಹುದು. ಫಸಲನ್ನೇ ವ್ಯಾಪಾರಿಗೆ ಮಾರಿ, ಅವನೇ ಜನ ತಂದು ಕುಯ್ಸಿದ್ದರೆ ಮಾತು ಬೇರೆ. ಆದರೆ ಅದು ಮಾರಾಟವೋ ಗುತ್ತಿಗೆಯೋ ಅಂತ ತೋರಿಸಲು ಮತ್ತೆ ಕಾಗದ ಬೇಕು. ನಮ್ಮಲ್ಲಿ ಮೆಣಸಿನ ಮಾರಾಟ ಬಾಯಿಮಾತಿನಲ್ಲೇ ಮುಗಿಯುತ್ತದೆ, ಅಲ್ವಾ?

ಆನೆ ವಿಷಯ. ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ, ಹಾಗಾಗಿ ನಮ್ಮ ಕೆಲಸ ಮುಗಿಯಿತು ಅಂತ ತಿಳಿದವರಿದ್ದಾರೆ. ಸರ್ಕಾರ ಕೊಡುವುದು ಬೇರೆ, ಮಾಲೀಕರ ಹೊಣೆ ಬೇರೆ. ಸಾಲಿನಲ್ಲಿ ಕೆಲಸ ಮಾಡುವಾಗ ಆನೆ ಬಂದರೆ ಅದು ಕೆಲಸದಲ್ಲಿ ಆದ ಅಪಘಾತವೇ. ಕೆಲಸಕ್ಕೆ ಬರುವ ದಾರಿಯಲ್ಲಿ ಆದದ್ದರ ಬಗ್ಗೆ ಹಿಂದೆ ತುಂಬ ವಾದ ನಡೆಯುತ್ತಿತ್ತು. ಈಗ ಹೊಸ ಸಂಹಿತೆ, ಮನೆಯಿಂದ ಕೆಲಸಕ್ಕೆ ಬರುವಾಗ, ಹೋಗುವಾಗ ಆದದ್ದಕ್ಕೂ ಕೆಲಸಕ್ಕೂ ನಂಟು ತೋರಿಸಿದರೆ ಅದನ್ನು ಕೆಲಸದ ಅಪಘಾತ ಅಂತಲೇ ತಿಳಿಯಬೇಕು ಅನ್ನುತ್ತದೆ. ಆನೆ ಇದೆ ಅಂತ ಹಿಂದಿನ ರಾತ್ರಿಯೇ ಮೆಸೇಜ್ ಬಂದಿದ್ದರೆ ಏಳೂವರೆ ಹಾಜರಿಯನ್ನು ಒಂಬತ್ತಕ್ಕೆ ತಳ್ಳಿ. ಒಂದೂವರೆ ಗಂಟೆ ಕೆಲಸ ಹೋದರೆ ಹೋಗಲಿ.

ಹೋಂಸ್ಟೇಯವರು ಗಡಿಯಾರ ನೋಡುತ್ತಿದ್ದೀರಿ. ನಿಮಗೆ ಬೇಗ ಹೇಳಿ ಮುಗಿಸುತ್ತೇನೆ. ಊಟ, ವಸತಿ ಕೊಟ್ಟಿದ್ದೇವೆ ಅಂತ ಕೂಲಿಯನ್ನು ನಿಮ್ಮಷ್ಟಕ್ಕೇ ಮುರಿಯುವ ಹಾಗಿಲ್ಲ. ಶನಿವಾರ ಭಾನುವಾರ ಗಿರಾಕಿ ಇರುತ್ತಾರೆ, ಸರಿ. ವಾರದ ರಜೆಯನ್ನು ಮಂಗಳವಾರ ಕೊಡಿ, ಆದರೆ ಕೊಡಿ. ಅಡುಗೆಯವನು ಬೆಳಿಗ್ಗೆ ಆರಕ್ಕೆ ಅಕ್ಕಿರೊಟ್ಟಿ ತಟ್ಟಿ, ರಾತ್ರಿ ಹನ್ನೊಂದಕ್ಕೆ ಪಾತ್ರೆ ಇಡುತ್ತಾನೆ ಅಂದರೆ ಹೆಚ್ಚುವರಿ ಹೊತ್ತಿಗೆ ಎರಡು ಪಟ್ಟು ಲೆಕ್ಕ. ಮತ್ತೊಂದು ಸೂಕ್ಷ್ಮ. ರೂಮು ಗುಡಿಸುವ ಹುಡುಗಿಗೆ ಕುಡಿದ ಗಿರಾಕಿ ತೊಂದರೆ ಕೊಟ್ಟರೆ, 'ಗೆಸ್ಟ್ ಅಲ್ವಾ, ಒಂದಿನ ತಡ್ಕೊ' ಅನ್ನುವುದನ್ನು ಕೇಳಿದ್ದೇನೆ. ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಲ್ಲಿ ಕೆಲಸದ ಜಾಗಕ್ಕೆ ಬಂದುಹೋಗುವ ಹೊರಗಿನವರಿಂದಲೂ ಅವಳನ್ನು ಕಾಯುವುದು ಮಾಲೀಕರ ಕರ್ತವ್ಯ. ಹತ್ತು ಜನ ಇದ್ದರೆ ಒಳಗೇ ಸಮಿತಿ ಮಾಡಬೇಕು. ಅದಕ್ಕಿಂತ ಕಡಿಮೆ ಇದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಹೋಗುತ್ತದೆ. ದೂರನ್ನು ಮೂರು ತಿಂಗಳೊಳಗೆ ಕೊಡಬೇಕು. ತೋಟಕ್ಕೂ ಇದೇ ನಿಯಮ, ಮೇಸ್ತ್ರಿಗಳು ಕೇಳಿಸಿಕೊಂಡರೆ ಒಳ್ಳೆಯದು.

ಇನ್ನು ಪ್ರಶ್ನೆಗಳು.

ಒಬ್ಬ ಮಾಲೀಕರು ಕೇಳಿದರು: 'ಮೆಣಸು ಕದಿಯುವಾಗ ಕೈಯಾರೆ ಹಿಡಿದೆ. ನಾಳೆಯಿಂದ ಬರಬೇಡ ಅಂದೆ. ಈಗ ಅವನೇ ನನ್ನ ಮೇಲೆ ಕೇಸು ಹಾಕಿದ್ದಾನೆ. ಇದ್ಯಾವ ನ್ಯಾಯ?' ನ್ಯಾಯ ಇರಲಿ, ನೀವು ಮಾಡಿದ ತಪ್ಪು ಹೇಳುತ್ತೇನೆ. ಹಿಡಿದ ದಿನವೇ ಕಂಡವರಿಂದ ಬರೆಸಿಕೊಳ್ಳಬೇಕಿತ್ತು. ಅವನಿಗೆ ಆರೋಪವನ್ನು ಕಾಗದದಲ್ಲಿ ಕೊಟ್ಟು, ಉತ್ತರಕ್ಕೆ ಸಮಯ ಕೊಟ್ಟು, ವಿಚಾರಣೆ ಮಾಡಿ ಆಮೇಲೆ ತೆಗೆಯಬೇಕಿತ್ತು. ಓದು ಬಾರದವನಾದರೆ ಅವನ ಭಾಷೆಯಲ್ಲಿ ಓದಿ ಹೇಳಿ, ಹಾಗೆ ಓದಿ ಹೇಳಿದೆ ಅಂತ ಸಾಕ್ಷಿಯ ಸಹಿ ಹಾಕಿಸಬೇಕಿತ್ತು. ಕದ್ದದ್ದು ನಿಜ ಆಗಿದ್ದರೂ ವಿಚಾರಣೆ ಇಲ್ಲದೆ ತೆಗೆದರೆ ಕೋರ್ಟಿನಲ್ಲಿ ನೀವೇ ಮೊದಲಿನಿಂದ ಎಲ್ಲ ಸಾಬೀತು ಮಾಡುತ್ತ ಕೂರಬೇಕು.

ಒಬ್ಬಾಕೆ ಕೆಲಸಗಾರರು ಎದ್ದು ನಿಂತು, ದಿನಗೂಲಿಯವರಿಗೂ ಹೆರಿಗೆ ರಜೆ ಉಂಟಾ ಅಂದರು. ಉಂಟು ಅಕ್ಕ. ಹಿಂದಿನ ಹನ್ನೆರಡು ತಿಂಗಳಲ್ಲಿ 80 ದಿನ ದುಡಿದಿದ್ದರೆ ಸಾಕು. ಮೊದಲ ಎರಡು ಮಕ್ಕಳಿಗೆ 26 ವಾರ, ಕೂಲಿ ಸಮೇತ. ಮಸ್ಟರ್ ರೋಲ್ ಮೇಲಿನ ದಿನಗೂಲಿ ಹೆಂಗಸರಿಗೂ ಇದು ಸಲ್ಲಬೇಕು ಅಂತ ಸುಪ್ರೀಂ ಕೋರ್ಟ್ 2000ದಲ್ಲಿ ತೀರ್ಪು ಕೊಟ್ಟಿದೆ. ದೆಹಲಿಯಲ್ಲಿ ರಸ್ತೆ ಕೆಲಸದ ಹೆಂಗಸರು ಗೆದ್ದದ್ದು. ವಕೀಲರಿಗೆ ದುಡ್ಡಿಲ್ಲ ಅಂತ ಹಿಂಜರಿಯಬೇಡಿ. ಹೆಂಗಸರಿಗೂ ಪರಿಶಿಷ್ಟರಿಗೂ ಕಾನೂನು ಸೇವಾ ಪ್ರಾಧಿಕಾರದಲ್ಲಿ ಆದಾಯ ಕೇಳದೆ ವಕೀಲರನ್ನು ಕೊಡುತ್ತಾರೆ. 15100ಕ್ಕೆ ಫೋನ್ ಮಾಡಿ.

ಪಿ.ಎಫ್. ದುಡ್ಡು ತೆಗೆಯಲು ಆಗುತ್ತಿಲ್ಲ ಅಂತ ಇನ್ನೊಬ್ಬರು. ಕೇಳಿದರೆ ತೋಟದ ಪುಸ್ತಕದಲ್ಲಿ ಬೋಜಿ, ಆಧಾರ್‌ನಲ್ಲಿ ಬೋಜಮ್ಮ. ಹುಟ್ಟಿದ ವರ್ಷ ಎರಡು ಕಡೆ ಎರಡು. ಇದನ್ನು ನಿವೃತ್ತಿಯ ದಿನ ಸರಿ ಮಾಡಲು ಹೊರಟರೆ ಮೂರು ವರ್ಷ ಅಲೆಯಬೇಕು. ರೈಟರ್‌ಗಳೇ, ಈ ಮಳೆಗಾಲದಲ್ಲಿ ಕೆಲಸ ಕಡಿಮೆ ಇರುವಾಗ ಎಲ್ಲರ ಆಧಾರ್ ತರಿಸಿ ಹೆಸರು ತಾಳೆ ನೋಡಿ. ನೋಡಿ ವಾಪಸು ಕೊಡಿ.

ಕೊನೆಯಲ್ಲಿ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಕೇಳಿದಳು. ಬಿ.ಕಾಂ. ಮುಗಿಸಿ ಹೋದ ವರ್ಷ ಒಂದು ತೋಟದಲ್ಲಿ ರೈಟರ್ ಆಗಿ ಸೇರಿದ್ದಾಳಂತೆ. 'ಸರ್, ಹೆಸರು ಬಿಟ್ಟುಬಿಡು ಅಂತ ನಂಗೂ ಹೇಳ್ತಾರೆ. ನಾನೇನ್ ಮಾಡ್ಲಿ?'

ಸಭೆ ಸ್ವಲ್ಪ ಹೊತ್ತು ಮೌನವಾಗಿತ್ತು. ಅವಳ ಮಾಲೀಕರು ಅಲ್ಲೇ ಇದ್ದರೋ ಏನೋ, ನಾನು ಕೇಳಲಿಲ್ಲ. ನನಗೆ ಆಗ ತೋಚದೇ ಇದ್ದದ್ದನ್ನು ಅವಳಿಗೆ ಹೇಳಿದೆ. ಬಿಡಬೇಕಾದ ಹೆಸರುಗಳನ್ನು ವಾಟ್ಸಾಪ್‌ನಲ್ಲಿ ಕಳಿಸಿ ಸಾರ್, ಮರೆತುಹೋಗುತ್ತೆ ಅನ್ನು. ಕಳಿಸಲು ಅವರು ಹಿಂಜರಿದರೆ, ಹೆಸರು ಇದ್ದ ಹಾಗೇ ಇರಲಿ, ನೀನು ಗುರುತು ಹಾಕುತ್ತಾ ಹೋಗು. ಕಳಿಸಿದರೆ ಆ ಮೆಸೇಜನ್ನು ಅಳಿಸಬೇಡ.

ಅವಳು ತಲೆಯಾಡಿಸಿ ಕೂತಳು. ಪಕ್ಕದಲ್ಲಿದ್ದ ಹಳೆಯ ರೈಟರ್ ಒಬ್ಬರು ಅವಳ ಕಡೆಗೆ ಬಾಗಿ, ಚೀಟಿ ಪುಸ್ತಕಾನೂ ಎಸೀಬೇಡಮ್ಮ, ಅಂದದ್ದು ಮೈಕಿನ ತನಕ ಕೇಳಿಸಿತು.